ಬಾಕಿ

ಚೌಕಿಪೇಟೆಯ ಸಂದಿಯಲ್ಲಿ ನನ್ನದೊಂದು ಅಂಗಡಿ.
ಫಾಲ್, ಜಿಗ್‌ಜಾಗ್, ಹುಕ್ಕು, ಕಾಜ,
ಶಾಲೆ ಹುಡುಗರ ಹರಿದ ಜೇಬು.
ಆಗಸ್ಟ್ ಬಂದರೆ ಬಾವುಟದ ಕಟ್ಟೂ ಬರುತ್ತದೆ,
ಮೂಲೆ ಬಿಚ್ಚಿಕೊಂಡ ಪಾಲಿಸ್ಟರ್.
"ಅಕ್ಕಾ, ನಾಕು ಹೊಲಿಗೆ ಹಾಕು, ಬೆಳಿಗ್ಗೆ ಏರಿಸಬೇಕು."
ಹಾಕುತ್ತೇನೆ. ಹಾಕುವಾಗ
ಸಿಂಪಿಗರ ತುಳಜವ್ವ ನೆನಪಾಗುತ್ತಾಳೆ,
ನನ್ನಜ್ಜನ ಅಕ್ಕ. ನಾನು ನೋಡಿದವಳಲ್ಲ.
ಅವಳ ಹಿತ್ತಾಳೆ ಅಂಗುಸ್ತಾನ
ನನ್ನ ಬೆರಳಿಗೆ ಇವತ್ತಿಗೂ ಸಡಿಲ.

ಬಾವುಟ ಹೇಗಿರುತ್ತದೆಂದು ಅವಳೂ ನೋಡಿರಲಿಲ್ಲ.
ಹತ್ತಿ ಗಿರಣಿಯ ಹುಡುಗ ಹಾಲೇಶಿ
ಕತ್ತಲಲ್ಲಿ ಬಂದು, ಹೊಸ್ತಿಲ ಧೂಳಿನಲ್ಲಿ
ಬೆರಳಿನಿಂದ ಗೆರೆ ಎಳೆದು ತೋರಿಸಿದನಂತೆ:
ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು,
ಬಿಳಿಯ ಹೊಟ್ಟೆಯಲ್ಲೊಂದು ಚರಕ.
"ಚರಕಕ್ಕೆ ಎಷ್ಟು ಕಡ್ಡಿ?"
ಹುಡುಗ ತಬ್ಬಿಬ್ಬು.
ಜೈಲಿಗೆ ಹೋಗಲು ತಯಾರಾಗಿದ್ದ,
ಕಡ್ಡಿ ಎಣಿಸಿರಲಿಲ್ಲ.

ಕೇಸರಿಗೆ, ಕಾಮನ ಹಬ್ಬದಲ್ಲಿ ಮಿಕ್ಕು ಒಣಗಿದ ಮುತ್ತುಗದ ಹೂ.
ಬಿಳಿಗೆ, ಗಿರಣಿಯವರು ಬಿಸಾಕಿದ ತುಂಡು,
ಅಂಚಿನಲ್ಲಿ ಎಣ್ಣೆ ಕಲೆ.
ಹಸಿರಿಗೆ, ಪೆಟ್ಟಿಗೆ ತೆಗೆದಳು.
ಸೀಮಂತದಲ್ಲಿ ತವರಿನವರು ಉಡಿಗೆ ಹಾಕಿದ ಕುಬುಸದ ಕಣ.
ಕೂಸು ನಿಲ್ಲಲಿಲ್ಲ.
ಕಣ ಇತ್ತು, ಮಡಿಕೆ ಬಿಚ್ಚದೆ, ಹನ್ನೊಂದು ವರ್ಷ.

ಮಷಿನ್ನಿತ್ತು, ಮುಟ್ಟಲಿಲ್ಲ.
ರಾತ್ರಿ ಅದು ಕಟಕಟ ಅಂದರೆ
ಮೂರನೇ ಮನೆಯ ದಫೇದಾರನಿಗೆ ಎಚ್ಚರ.
ಲಾಟೀನಿನ ಮೇಲೆ ಬುಟ್ಟಿ ಬೋರಲು ಹಾಕಿ,
ಬುಟ್ಟಿಯ ಕಣ್ಣಿಂದ ಸೋರಿದ ಬೆಳಕಿನ ಚುಕ್ಕಿಗಳಲ್ಲಿ
ಕೈಸೂಜಿಯಿಂದಲೇ, ಮೂರು ರಾತ್ರಿ.
ಒಂದು ಸೂಜಿ ಮುರಿಯಿತು.
ಚರಕಕ್ಕೆ ಎಂಟು ಕಡ್ಡಿ ಕೂಡಿಸಿದಳು,
ಸುಮ್ಮನೆ ಕೂತಿದ್ದ ಮಷಿನ್ನಿನ ಗಾಲಿ ನೋಡಿ, ಎಣಿಸಿ.

ಬೆಳಗಾಗುವಾಗ ಅದು ಮಂಡಕ್ಕಿ ಚೀಲದೊಳಗಿತ್ತು.
ಭಟ್ಟಿಯ ಹುಸೇನ್‌ಬಿ ತಲೆ ಮೇಲೆ ಹೊತ್ತು ನಡೆದಳು.
ರೈಲ್ವೆ ಗೇಟಿನ ಹತ್ತಿರ ಪೊಲೀಸಿನವನು
ಲಾಠಿಯಿಂದ ತಿವಿದ. ಚೀಲ ಉಸ್ಸಂದಿತು.
"ಒಂದು ಹಿಡಿ ಕೊಡು" ಅಂದ.
ಎರಡು ಹಿಡಿ ಕೊಟ್ಟಳು.

ಯಾವ ಕಂಬ, ಯಾರು ಹತ್ತಿದರು, ಯಾರು ಬಿದ್ದರು,
ಕಲ್ಲಿನ ಮೇಲೆ ಕೆತ್ತಿದ್ದಾರೆ, ಹೋಗಿ ಓದಿಕೊಳ್ಳಿ.
ಕಲ್ಲಿನಲ್ಲಿ ಇಲ್ಲದ್ದು ಇಷ್ಟು:
ಬಾವುಟ ಬಿಚ್ಚಿಕೊಂಡಾಗ ಮಡಿಕೆಗಳಿಂದ ಮಂಡಕ್ಕಿ ಉದುರಿತು,
ಟೋಪಿ ಮೇಲೆ, ಪೇಟದ ಮೇಲೆ,
ಕೋಳ ತಂದವರ ಹೆಗಲ ಮೇಲೂ.
ಮಕ್ಕಳು ಆರಿಸಿ ತಿಂದವು.
ತುಳಜವ್ವ ಅಲ್ಲಿರಲಿಲ್ಲ.
ಯಾರದೋ ಮದುವೆಯ ಕುಬುಸಕ್ಕೆ ತೋಳು ಕೂಡಿಸುತ್ತಿದ್ದಳು,
ಅವತ್ತೇ ಕೊಡಬೇಕಿತ್ತು.

"ಕಾಣದ ಹೊಲಿಗೆಯೇ ಹೊಲಿಗೆ" ಅನ್ನುತ್ತಿದ್ದಳಂತೆ.
ಕುಬುಸಕ್ಕೆ ಸರಿ, ಅಜ್ಜೀ.
ನಿನಗೆ ಅದನ್ನು ಒಪ್ಪಲಾರೆ.
ಯಾವ ಬಟ್ಟೆ ಬಂದರೂ ಮೊದಲು
ಮಗುಚಿ ಒಳಮೈ ನೋಡುವ ಕಸುಬು ನನ್ನದು.

ಅಕ್ಷರ ಬಾರದವಳ ಲೆಕ್ಕದ ಪುಸ್ತಕ ನನ್ನ ಹತ್ತಿರ ಇದೆ.
ಕುಬುಸಕ್ಕೆ ಮುಕ್ಕೋನ, ಅಂಗಿಗೆ ಎರಡು ತೋಳು.
ಗಿರಾಕಿ ಗೌಡರಾದರೆ ಮೀಸೆ, ಶಾನುಭೋಗರಾದರೆ ಜುಟ್ಟು,
ಹುಸೇನ್‌ಬಿಗೆ ಮೂರು ಮಂಡಕ್ಕಿ ಕಾಳು.
ಕೂಲಿ ಮುಟ್ಟಿದರೆ ಮೇಲೊಂದು ಅಡ್ಡಗೆರೆ.

ಇಲಿ ಕಡಿದ ಒಂದು ಹಾಳೆಯಲ್ಲಿ
ಮೂರು ಪಟ್ಟೆ, ನಡುವೆ ಎಂಟು ಕಡ್ಡಿಯ ಸೊನ್ನೆ.
ಗಿರಾಕಿಯ ಜಾಗದಲ್ಲಿ ಮೀಸೆಯಿಲ್ಲ, ಜುಟ್ಟಿಲ್ಲ,
ಸೂಜಿಯಿಂದ ಚುಚ್ಚಿದ ಒಂದು ತೂತು.
ಕಣ್ಣಿಗೆ ಹಿಡಿದರೆ ಆಚೆ ಪೇಟೆ ಕಾಣುತ್ತದೆ:
ಆಟೋ, ಹೂವಿನ ಗಾಡಿ,
ಬಾವುಟದ ಕಟ್ಟಿಗೆ ಬಂದು ನಿಂತ ಹುಡುಗ.

ಅಡ್ಡಗೆರೆ ಎಳೆದಿಲ್ಲ.