ಸೊಸೈಟಿಯ ಸೀಲು

ಬೈತಖೋಲದಲ್ಲಿ ನನ್ನ ಕೆಲಸ ದೋಣಿಗಳಿಗೆ ಹೆಸರು ಬರೆಯುವುದು.
ಮೂತಿಯ ಎರಡೂ ಬದಿಗೆ ಹೆಸರು, ಹಿಂದೆ ನಂಬರು,
ಕೇಳಿದವರಿಗೆ ಒಂದು ಕಮಲ, ಒಂದು ಶಿಲುಬೆ, ಒಂದು ಹದ್ದು.
ಮುಖ ಬರೆಯುವುದು ಜೂನ್ ಜುಲೈಯಲ್ಲಿ ಮಾತ್ರ,
ದೋಣಿಗಳು ದಡ ಹತ್ತಿ ತಾಡಪಾಲು ಹೊದ್ದು ಮಲಗಿದಾಗ.

ಶೇವಂತಿ ತಾಂಡೇಲ ತಂದದ್ದು
ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಫೋಟೋ,
ಮೀನು ಮಾರುವ ಹೆಂಗಸರ ಸೊಸೈಟಿ ಕಾರ್ಡಿನಿಂದ ಕಿತ್ತದ್ದು.
ಬೆನ್ನಿಗೆ ಗೋಂದಿನ ಹಳದಿ,
ಎಡಗೆನ್ನೆಯಿಂದ ಕಿವಿಯವರೆಗೆ ನೇರಳೆ ಸೀಲು.
'ನಮ್ಮ ಅಕ್ಕ,' ಅಂದಳು. 'ದೊಡ್ಡದು ಮಾಡಿ ಕೊಡು.'
ಒಣ ಬಂಗುಡೆಯ ಒಂದು ಕಟ್ಟು ಅಡ್ವಾನ್ಸು.

ಮೊದಲ ದಿನ ಬರೀ ಗೆರೆ.
ಫೋಟೋದ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಚೌಕ,
ಉದ್ದಕ್ಕೆ ಹನ್ನೆರಡು, ಅಡ್ಡಕ್ಕೆ ಒಂಬತ್ತು.
ಹಲಗೆಯ ಮೇಲೂ ಅಷ್ಟೇ, ಎರಡೆರಡು ಇಂಚಿನವು.
ಒಂದು ಚೌಕದಲ್ಲಿ ಕರಿಯ ಓರೆ,
ಪಕ್ಕದ್ದರಲ್ಲಿ ಬೂದಿ, ಅದರ ಕೆಳಗೆ ಏನೂ ಇಲ್ಲ.
ಫೋಟೋ ತಲೆಕೆಳಗೆ ಮಾಡಿಕೊಂಡೆ:
ಮನುಷ್ಯರ ಮುಖ ಅಂತ ಗೊತ್ತಾದರೆ ಕೈ ಸುಳ್ಳು ಹೇಳುತ್ತದೆ.

ಎರಡನೇ ವಾರ ಮಣ್ಣಿನ ಬಣ್ಣ, ತೆಳ್ಳಗೆ. ಒಣಗಲಿಲ್ಲ.
ಅರವತ್ತರ ಬಲ್ಬು ಹತ್ತಿರ ಹಿಡಿದು ಕೂತೆ.
ಸೀರೆಯ ಬಣ್ಣ ಯಾವುದು ಎಂದರೆ ಹಸಿರು ಅಂದಳು.
ಮಾರನೇ ದಿನ ಬಂದು, 'ಹಸಿರು ನಂದು.
ಅವಳದ್ದು ಉಪ್ಪು ಕುಡಿದು ಕುಡಿದು
ಯಾವ ಬಣ್ಣವೂ ಆಗಿರಲಿಲ್ಲ.'
ಆ ಬಣ್ಣ ಕಲಸಲು ಮೂರು ದಿನ ಹಿಡಿಯಿತು.

ಕಣ್ಣು ಕೂತ ದಿನ ಹಲಗೆಯ ಮುಂದೆ ನಿಂತಳು.
ಕೊಡೆ ಮಡಚಲಿಲ್ಲ, ನೀರು ನನ್ನ ಬ್ರಶ್ಶುಗಳ ಮೇಲೆ ತೊಟ್ಟಿಕ್ಕಿತು.
'ಎಷ್ಟು ವರ್ಷ ಇವಳಿಗೆ?'
ಕಾರ್ಡಿನ ಲೆಕ್ಕದಲ್ಲಿ ಮೂವತ್ತೊಂದು.
'ನನಗೆ ಐವತ್ತೆರಡು.
ಗೋಡೆಯ ಮೇಲೆ ಇಷ್ಟು ಚಿಕ್ಕವಳು ಕೂತರೆ
ಅಕ್ಕಾ ಅನ್ನಲಿಕ್ಕೆ ಬಾಯಿ ಬರುತ್ತದೇನು?
ಅರವತ್ತು ಮಾಡು. ನನಗಿಂತ ಎಂಟು ವರ್ಷ ದೊಡ್ಡವಳು.'

ಫೋಟೋ ಅಲ್ಲಿಗೆ ಮುಗಿಯಿತು.
ಮುಂದೆ ನೋಡಿ ಬರೆಯಲು ಏನೂ ಇರಲಿಲ್ಲ.
ದಿನಕ್ಕೆ ಒಂದೆರಡು ವರ್ಷ ಹಚ್ಚುತ್ತ ಹೋದೆ:
ಕೊರಳಿಗೊಂದು ಮಡಿಕೆ,
ಬೈತಲೆಯ ಹತ್ತಿರ ಎಲೆಗೆ ಸವರುವಷ್ಟು ಸುಣ್ಣ,
ಮಾರ್ಕೆಟ್ಟಿನ ಬಿಸಿಲಿಗೆ ಕಿರಿದಾದ ಕಣ್ಣಿನ ತುದಿ.
ಹೊಳೆಯದಿದ್ದಾಗ ಶೇವಂತಿಯ ಮುಖದಿಂದಲೇ ಕದ್ದೆ.
ಸಿಕ್ಕಿಬಿದ್ದೆ.
'ಇದು ನನ್ನ ಗೆರೆ, ನಗುವವರಿಗೆ ಬೀಳುವುದು.
ಅವಳು ಲೆಕ್ಕ ಮಾಡುವವಳು, ಇಲ್ಲಿ ಹಾಕು,'
ಎಂದು ನನ್ನ ಹುಬ್ಬುಗಳ ನಡುವೆಯೇ ಮುಟ್ಟಿ ತೋರಿಸಿದಳು.
ಆ ಬೆರಳಿನ ವಾಸನೆ ಸಂಜೆಯವರೆಗೂ ಹಣೆಯಲ್ಲಿತ್ತು.

ಐವತ್ತರ ಹತ್ತಿರ ಒಮ್ಮೆ ಕೆಟ್ಟಿತು,
ಯಾರೋ ಕುಮಟೆಯ ಟೀಚರಮ್ಮ ಬಂದು ಕೂತಂತೆ.
ಚಿಂದಿಯಿಂದ ಒರೆಸಿ ನಲವತ್ತನಾಲ್ಕಕ್ಕೆ ಇಳಿಸಿದೆ,
ಮತ್ತೆ ಹತ್ತಿದೆ.

ಸೀಲಿನ ಜಾಗ ಕೊನೆಗೆ ಇಟ್ಟುಕೊಂಡಿದ್ದೆ.
ಬಲಗೆನ್ನೆಯನ್ನೇ ತಿರುಗಿಸಿ ಎಡಕ್ಕೆ ಹಚ್ಚಿದೆ, ಕಿವಿಯನ್ನೂ.
ದೋಣಿಗೆ ಒಂದು ಬದಿಯ ಹಾಗೆ ಇನ್ನೊಂದು ಬದಿ.
ದಕ್ಕೆಯಲ್ಲಿ ಐಸು ತುಂಬುವ ಗಲಾಟೆ, ನಾಡಿದ್ದು ಕಡಲಿಗೆ ಇಳಿಯುವುದು,
ನನ್ನ ಕೈಯಲ್ಲಿ ಇನ್ನೂ ಏಳು ನಂಬರು ಬಾಕಿ.
ಶೇವಂತಿ ಬಂದಳು, ನೋಡಿದಳು. ಬಹಳ ಹೊತ್ತಿನ ಮೇಲೆ
'ಆ ಕಿವಿ ಹರಿದಿತ್ತು,' ಅಂದಳು.
'ನನ್ನನ್ನು ಸೊಂಟದಲ್ಲಿ ಹೊತ್ತು ತಿರುಗುವಾಗ
ಓಲೆ ಹಿಡಿದು ಎಳೆದಿದ್ದೆನಂತೆ. ಹೊಲಿಸಲಿಲ್ಲ.
ಮತ್ತೆ ಆ ಕಿವಿಗೆ ಏನೂ ಹಾಕಲಿಲ್ಲ.'

ನಂಬರು ಬರೆಯುವ ಬ್ರಶ್ಶುಗಳಲ್ಲಿ ಅಷ್ಟು ಸಣ್ಣದು ಎಲ್ಲಿಂದ ಬರಬೇಕು?
ಒಂದನ್ನು ನಾಲ್ಕು ಕೂದಲು ಉಳಿಸಿ ಕತ್ತರಿಸಿದೆ.
ಬಲಗಡೆಯಿಂದ ತಂದ ಓಲೆಯನ್ನು ಮೊದಲು ಒರೆಸಿದೆ.
ಹಳೆಯ ಗಾಯ ಚರ್ಮದ ಬಣ್ಣದ್ದೇ, ತುಸು ಹೊಳಪು ಜಾಸ್ತಿ.
ಹಾಲೆಯ ಕೆಳಗಿನಿಂದ ಮೇಲಕ್ಕೆ, ಉಸಿರು ಹಿಡಿದು, ಒಂದು ಎಳೆ.

ಬಗ್ಗಿ ನೋಡಿದಳು.
ಸೆರಗಿನ ಗಂಟು ಬಿಚ್ಚಿ ಐವತ್ತು ರೂಪಾಯಿ ಕಡಿಮೆ ಎಣಿಸಿದಳು.
'ಸೀಳು ಸ್ವಲ್ಪ ಉದ್ದ ಆಯಿತು.'
ಅಳಿಸಲು ಚಿಂದಿ ಎತ್ತಿಕೊಂಡೆ.
'ಇರಲಿ,' ಅಂದಳು,
'ಜೋರಾಗಿಯೇ ಎಳೆದಿರಬೇಕು ನಾನು.'