ಕಿವಿರು

ಮಾಜಾಳಿ ಶಾಲೆಗೊಂದು ಮೈಕಿನ ಡಬ್ಬಿ ಬೇಕಿತ್ತು.
ಜೇಬಲ್ಲಿ ನಾಲ್ಕು ಸಾವಿರದ ಮುನ್ನೂರು,
ಅದರಲ್ಲಿ ಮುನ್ನೂರು ಬರೀ ಚಿಲ್ಲರೆ,
ಮಕ್ಕಳು ಮುರುಗಲ ಹಣ್ಣು ಮಾರಿ ತಂದದ್ದು,
ನಾಣ್ಯಕ್ಕೂ ಅದರದೇ ಕೆಂಪು.

ಕಾರವಾರದಲ್ಲಿ ಮೂರು ಅಂಗಡಿ ಹತ್ತಿ ಇಳಿದೆ.
ಗಾಜಿನೊಳಗೆ ನೀಲಿ ದೀಪ ಕುಣಿಸುವ ಡಬ್ಬಿ,
ಅದರ ಮೇಲೆ ಬರೆದ ವ್ಯಾಟುಗಳೆಲ್ಲ ನಿಜವಾಗಿದ್ದರೆ
ಕೂರ್ಮಗಡ ಕಿವಿ ಮುಚ್ಚಿಕೊಳ್ಳಬೇಕಿತ್ತು.
ಗ್ಯಾರಂಟಿ ವರ್ಷ ಇದೆ ಸರ್,
ಬಿಲ್ಲು ಬೇಕಂದ್ರೆ ಮಾತ್ರ ರೇಟು ಬೇರೆ.

ಕೊನೆಗೆ ಮೀನು ಮಾರ್ಕೆಟ್ಟಿನ ಹಿಂಗೋಡೆಗೆ ಆತುಕೊಂಡ
ಚಂದ್ರಭಾಗಿ ಹರಿಕಂತ್ರಳ ರಿಪೇರಿ ಗೂಡು.
ಬೆಸುಗೆ ಕಡ್ಡಿಯ ತುದಿಯಲ್ಲಿ ಹೊಗೆ,
ಗೋಡೆಯಾಚೆಯಿಂದ ಬಂಗಡೆ,
ಎರಡೂ ಸೇರಿ ಅಲ್ಲಿ ಒಂದೇ ಗಾಳಿ.

ಕಡಿಮೆ ದುಡ್ಡಲ್ಲಿ ಯಾವ ಕಂಪನಿ ನಂಬಬಹುದು?
ಆಕೆ ನಗಲಿಲ್ಲ. "ಮಾಸ್ತ್ರೆ, ಬಂಗಡೆ ತಗೊಳ್ವಾಗ
ಯಾವ ದೋಣಿದು ಅಂತ ಕೇಳ್ತ್ರಾ?
ಕಿವಿರು ಎತ್ತಿ ನೋಡ್ತ್ರಿ, ಅಲ್ವಾ?"

ಸ್ಕ್ರೂ ಬಿಚ್ಚಿ ಒಂದೊಂದರದೇ ಬೆನ್ನು ತೆರೆದಳು.
ಇದರ ಕೆಪ್ಯಾಸಿಟರ್ ಉಬ್ಬಿದೆ, ಹಳಸಿದ ಮೀನಿನ ಕಣ್ಣು.
ಇದರ ಬೆಸುಗೆ ಹಸಿರು ಹಿಡಿದಿದೆ,
ಸಮುದ್ರ ಎರಡು ಮಳೆಗಾಲ ಕೂತು ತಿಂದದ್ದು.
ಇದಕ್ಕೆ ತೂಕ ಬರಲೆಂದು
ಒಳಗೊಂದು ಸಿಮೆಂಟಿನ ತುಂಡು ಅಂಟಿಸಿದ್ದಾರೆ.
"ಐಸ್ ಸೇರ್ಸಿ ತೂಗ್ದಂಗೆ."
ಅದೇ ಹೆಸರು, ಅದೇ ಬಂಗಾರದ ಅಕ್ಷರ,
ಪಕ್ಕದ್ದರಲ್ಲಿ ಮಾತ್ರ ದಪ್ಪ ತಾಮ್ರ, ಮೈತುಂಬ ವಾರ್ನಿಶ್.
"ಅದು ನಾಕು ವರ್ಷದ ಹಿಂದಿನ್ದು.
ಈಗ ಹೆಸರೊಂದೇ ಉಳ್ಕಂಡದೆ."

ಆಮೇಲೆ ಕಣ್ಣು ಮುಚ್ಚಿಸಿದಳು.
ಹಾಡು ಹಾಕಲಿಲ್ಲ. "ಹಾಡಾದ್ರೆ ಎಲ್ಲಾ ಡಬ್ಬಿನೂ ಚಂದ,
ಬೈಗುಳ ಹಾಕಿ ನೋಡ್ಬೇಕು."
ಫೋನಿನಲ್ಲಿ ಅವಳ ಅವ್ವ,
ಚೌಕಾಸಿಯ ಗಿರಾಕಿಗೆ ಮಂಗಳಾರತಿ.

ಮೊದಲನೆಯದರಲ್ಲಿ ಅವ್ವ ಕೊಡಪಾನದೊಳಗೆ ಬಿದ್ದಿದ್ದಳು.
ಎರಡನೆಯದರಲ್ಲಿ ನೆಗಡಿ, ಆದರೆ ಅವಳೇ.
ಮೂರನೆಯದು, ಆಹಾ,
ಎಲೆಯಡಿಕೆ ದವಡೆ ಬದಲಿಸಿದ್ದೂ ಕೇಳಿತು.
ಇದೇ ಅಂದೆ, ಜೇಬಿಗೆ ಕೈ ಹಾಕಿ.

ಚಂದ್ರಭಾಗಿ ವೈರಿನ ತುದಿ ಎತ್ತಿ ತೋರಿಸಿದಳು.
ಎಲ್ಲಿಗೂ ಸಿಕ್ಕಿಸಿರಲಿಲ್ಲ.
ಗೋಡೆಯಾಚೆ ಅವ್ವ ಇನ್ನೂ ಬೈಯುತ್ತಲೇ ಇದ್ದಳು,
ಐವತ್ತಕ್ಕೆ ಎಂಟು ಕೊಟ್ರೆ
ನಮ್ಮನೆ ಬೆಕ್ಕು ಏನ್ ತಿನ್ಬೇಕೋ!

ನೆಗಡಿಯದನ್ನೇ ತಂದೆ.
ಹೆಸರಿನ ಚೀಟಿ ಯಾರೋ ಕೆರೆದಿದ್ದರು, ಅಂಟಿನ ಗುರುತಷ್ಟೆ.
ಎರಡು ಸಾವಿರದ ಒಂಬೈನೂರು, ಹೊದೆಸಲೊಂದು ಅಕ್ಕಿಚೀಲ,
ಮೇಲೊಂದು ಮಾತು: ಮಳೆಯಲ್ಲಿ ದಿನಾ ಹತ್ತು ನಿಮಿಷ ಹಚ್ಚಿಡಿ,
ಹಾಡದಿದ್ರೂ ಬೆಚ್ಚಗಿರ್ಲಿ.
ಬಸ್ಸು ಕಾಳಿ ಸೇತುವೆ ದಾಟುವಾಗ
ಗಾಳಿ ಬರದಂತೆ ಕಿಟಕಿ ಹಾಕಿದೆ,
ಪಕ್ಕದವರು ಬೈದರು.

ಮೂರು ಮಳೆಗಾಲ ಆಯಿತು.
ಒಂದು ಗುಂಯ್ ಮಾತ್ರ ಹೋಗಿಲ್ಲ,
ಎಲ್ಲ ಬಿಚ್ಚಿ ಕಟ್ಟಿದರೂ, ನೆಲಕ್ಕೆ ತಂತಿ ಇಳಿಸಿದರೂ.
ನನ್ನ ಹಾರ್ಮೋನಿಯಮ್ಮಿನಲ್ಲಿ ಬಿಳಿ ಐದು
ಹೋದ ಜೂನಿನಲ್ಲೇ ತುಕ್ಕು ಹಿಡಿದು ಸತ್ತಿತು;
ಗುಂಯ್ ಸರಿಯಾಗಿ ಅಲ್ಲಿಗೇ ಬಂದು ಕೂರುತ್ತದೆ,
ಒಂದು ಕೂದಲೆಳೆ ಮೇಲೆ.
ನಾಲ್ಕನೆಯ ಇಯತ್ತೆಯ ಸಾನಿಕಾ ಗುನಗಿ
ಅದನ್ನೇ ಹಿಡಿದು ಸಾ ಎತ್ತುತ್ತಾಳೆ,
ಉಳಿದವರು ಹಿಂದೆ.
ನಾನು ತಿದ್ದುವುದಿಲ್ಲ.

ಕರೆಂಟು ಹೋದ ದಿನ ಮಾತ್ರ
ಇಡೀ ತರಗತಿ ಬಾಯಿ ತೆರೆದು ನಿಂತು
ಡಬ್ಬಿಯ ಕಡೆಗೆ ನೋಡುತ್ತದೆ.