ಕೊನೆಯ ರೀಡಿಂಗು

ಒಂದೊಂದು ಮನೆಯ ಹೊಟ್ಟೆಯಲ್ಲೂ
ತಿಂಗಳ ಮೇಲೆ ತಿಂಗಳು ಮಡಚಿಟ್ಟ ಮೀಟರಿನ ಅಂಕಿ.
ಎಲ್ಲವನ್ನೂ ಕೂಡಿಬಿಟ್ಟಿದ್ದೆ:
ಟ್ಯಾನರಿ ರೋಡಿನ ಎರಡು ಬೀದಿ
ಹಲಸೂರು ಕೆರೆಯನ್ನೇ ಕುಡಿದು ಮುಗಿಸಿದ್ದವು.

"ಮನೆಗೊಂದು, ಕೊನೇದು ಮಾತ್ರ ತಗೊಳ್ಳಮ್ಮ.
ಹಳೇದೆಲ್ಲ ಅದರೊಳಗೇ ಐತೆ,"
ಬನ್ನಿನ ಪುಡಿ ಕೊಡವುತ್ತ ಮೀಟರ್ ಓದುವ ಮುನಿಯಲ್ಲಪ್ಪ.

ತಾರೀಕು ತಿರುಗಿಸಿ ಜೋಡಿಸಿದೆ. ಮೇಲಿನದೊಂದು ಎತ್ತಿ ಕೂಡಿದೆ.
ಕೆರೆ ಬಿಂದಿಗೆಗಳಾಗಿ ಇಳಿಯಿತು.
ಹದಿನೇಳನೇ ನಂಬರು ಮಾತ್ರ
ಆರು ವರ್ಷದಿಂದ ಅದೇ: ನಾಲ್ಕು ಸಾವಿರದ ನೂರಿಪ್ಪತ್ತಾರು.

"ಅದಾ? ಮೆಟ್ರೋಗೆ ಹೋಯ್ತು. ಆರೋಗ್ಯಮೇರಿ,
ಸಾಮಾನು ಲಾರಿಗೇರಿದ ಮೇಲೂ ಅಂಗಳ ತೊಳೀತಿದ್ರು.
ಆ ಎರಡು ಬಕೆಟ್ಟೂ ಅದರಲ್ಲೈತೆ."

ಇತ್ತೀಚಿನದು, ಕೊನೆಯದು: ಯಂತ್ರಕ್ಕೆ ಎರಡೂ ಒಂದೇ.
ಬಾಯಿ ಬಿಡದೆ ಕೂಡಿಸುತ್ತದೆ
ಇಲ್ಲದ ನಲ್ಲಿಯ ನೀರನ್ನು.

"ಸೊನ್ನೆ ಹಾಕಲಾ?"
"ಹಾಕಮ್ಮ. ಆದ್ರೆ ಯಾರು ಓದಿದ್ದು ಅಂತ ಕೇಳ್ತಾರೆ."